ಬೋಗುಣಿಯ ಮಸಿ

“ಟೋಪಿ ತೆಗೀರಿ. ಮುಖ ನೋಡ್ಬೇಕು.”

ಮೇಜಿನ ಆಚೆ ನಿಂತವನು ಟೋಪಿ ತೆಗೆದ. ಗುಮಾಸ್ತ ಮರುಳಸಿದ್ದಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದ. ಕಣ್ಣು ಬೆಕ್ಕಿನದು, ನಿಜ. ಮೈಬಣ್ಣ ಮಾತ್ರ ದುರ್ಗದ ಸೀಮೆಯ ಯಾವ ಹೊಲದಲ್ಲಾದರೂ ಕಾಣುವಂಥದು. ಇವನು ಫ್ರೆಂಚ್ ದೊರೆಯಂತೆ!

ಹುಬ್ಬಳ್ಳಿಯ ರೈಲನ್ನು ಚಿಕ್ಕಜಾಜೂರಿನಲ್ಲಿ ತಡೆದು, ಮೂರನೆಯ ದರ್ಜೆಯವರನ್ನೆಲ್ಲ ಇಳಿಸಿ, ಜಾಲಿಮುಳ್ಳಿನ ಬೇಲಿಯೊಳಗೆ ನೂಕಿ ಎರಡು ಗಂಟೆಯಾಗಿತ್ತು. ಗಂಡಸರು ಈ ಕಡೆ, ಹೆಂಗಸರು ಆ ಕಡೆ. ಪ್ಲೇಗಿನ ಕಾಲ. ಒಳಗೆ ಹೋದವರು ಹತ್ತು ದಿನ ಕಳೆದರೆ ಊರಿಗೆ, ಕಳೆಯದಿದ್ದರೆ ಜ್ವರದ ಶೆಡ್ಡಿನ ಹಿಂದಿನ ಗುಂಡಿಗೆ. ಹೋದ ವಾರ ಏಳು ಜನ ಗುಂಡಿಗೇ ಹೋಗಿದ್ದರು. ಯುರೋಪಿನವರನ್ನು ಮಾತ್ರ ಬೇಲಿಯೊಳಗೆ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅವರನ್ನು ನಾಲ್ಕು ಗಂಟೆಯ ರೈಲಿಗೆ ಹತ್ತಿಸಿ ಕಳಿಸಲೇಬೇಕೆಂದು ಹುಕುಂ.

ರಜೆ ಸಿಗದೆ ಮರುಳಸಿದ್ದಪ್ಪ ಹೊಳಲ್ಕೆರೆಯ ತನ್ನ ಮನೆ, ಹೆಂಡತಿಯ ಮುಖ ಕಂಡು ಎಂಟು ತಿಂಗಳಾಗಿತ್ತು. ತಾನು ದಾಟಲಾಗದ ಬೇಲಿಯನ್ನು ಇನ್ನೊಬ್ಬ ಸುಳ್ಳು ಹೇಳಿ ದಾಟುತ್ತಾನೆಂದರೆ ಅವನಿಗೆ ಹೊಟ್ಟೆಯೊಳಗೆ ಕೊಳ್ಳಿಯಿಟ್ಟಂತಾಗುತ್ತಿತ್ತು.

“ಹೆಸರು?”

“ಲೂಸಿಯನ್ ಮೊರೆಲ್. ಹೋಟೆಲಿನ ಅಡುಗೆಯವನು. ಬೆಂಗಳೂರಲ್ಲಿ ಹೊಸ ಕೆಲಸ ಐತೆ. ನಾವು ನಾಲ್ಕು ಗಂಟೆ ರೈಲಿಗೇ ಹೋಗ್ಬೇಕು.”

‘ನಾವು’ ಅಂತೆ. ದೊರೆಗಳ ಗತ್ತು ಆಗಲೇ ಬಂದುಬಿಟ್ಟಿದೆ.

“ಫ್ರೆಂಚರ ಬಾಯಿಗೆ ‘ಐತೆ’ ಹೆಂಗೆ ಬಂತು ಸ್ವಾಮಿ?”

“ಮನೇಲಿ ಕಲ್ತೆ.”

“ಕಾಗದಪತ್ರ?”

“ಪ್ಲೇಗಿನ ಮನೆ ಅಂತ ಹುಬ್ಬಳ್ಳೀಲಿ ಸಾಮಾನೆಲ್ಲ ಸುಟ್ರು. ಉಳಿದಿದ್ದು ಇದೊಂದೇ.”

ಅವನು ಮೇಜಿನ ಮೇಲಿಟ್ಟದ್ದು ತಳವೆಲ್ಲ ಮಸಿ ಮೆತ್ತಿದ ತಾಮ್ರದ ಬೋಗುಣಿ. ಅದರ ಕಥೆ ಹೇಳಲು ತೊಡಗಿದ್ದೇ ಅವನ ಮುಖಕ್ಕೆ ಕಳೆ ಬಂತು. ಮುತ್ತಾತ ಲಿಯಾನ್ ಪಟ್ಟಣದ ಹೋಟೆಲಿನಲ್ಲಿ ಅಡುಗೆಯವನಂತೆ. ತಾತ ಇದೇ ಬೋಗುಣಿಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಹಡಗು ಹತ್ತಿ ಪುದುಚೇರಿಗೆ ಬಂದು, ಮೀನು ಮಾರುವವಳ ಮಗಳನ್ನು ಮದುವೆಯಾದನಂತೆ. ಅಪ್ಪ ತಂದದ್ದೂ ಅದೇ ಊರಿನ ಹೆಣ್ಣನ್ನು. ಮದುವೆಯಾದ ವರ್ಷ ಗಂಡ ಹೆಂಡಿರಿಬ್ಬರ ಹೆಸರನ್ನೂ ಬೋಗುಣಿಯ ತಳದಲ್ಲಿ ಕೊರೆಸುವುದು ಆ ಮನೆತನದ ಪದ್ಧತಿಯಂತೆ.

“ಮಸಿ ತಿಕ್ಕಿ ನೋಡ್ರಿ. ಎಲ್ಲಾ ಐತೆ.”

ಹುಣಸೆಹಣ್ಣು ತರಿಸೋಣವೆಂದು ಮರುಳಸಿದ್ದಪ್ಪ ಬಾಯಿ ತೆರೆಯುವಷ್ಟರಲ್ಲಿ, ಹೆಂಗಸರ ಕಡೆಯ ಕಾವಲಿನ ಕಾಳಕ್ಕ ಬಂದಳು.

“ಮೂರು ಜನಕ್ಕೆ ಜ್ವರ, ಬರ್ಕಳ್ರಿ. ಹಿರಿಯೂರಿನ ಮುದುಕಿ ಒಂದು. ಹೊಸದುರ್ಗದ ಸರ್ವಮಂಗಳ ಒಬ್ಳು, ಮೈ ಕೆಂಡ ಆಗೈತೆ, ಬಾಯಿ ಮಾತ್ರ ಜೋರು. ‘ಗಂಡ ಎಲ್ಲವ್ವಾ’ ಅಂದ್ರೆ ‘ಬಿಟ್ಟು ಹೋಗೋ ಪೈಕಿ ಅಲ್ಲ, ಬರ್ತಾರೆ’ ಅಂತಾಳೆ. ಇನ್ನೊಂದು ಆ ಮುದುಕಿ ಮೊಮ್ಮಗಳು, ಪಾಪ, ಗೊಂಬೆ ಇದ್ದಂಗೆ ಐತೆ.”

“ಯಾರೇ ಆಗ್ಲಿ, ಜ್ವರದೋರು ಹತ್ತು ದಿನ ಅಲ್ಲಾಡಂಗಿಲ್ಲ,” ಎಂದು ಮೂವರನ್ನೂ ಪಟ್ಟಿಗೆ ಬರೆದುಕೊಂಡು ಮರುಳಸಿದ್ದಪ್ಪ ಮತ್ತೆ ಇತ್ತ ತಿರುಗಿದ. “ಹ್ಞಾಂ, ಮುತ್ತಾತ ಯಾವ ಊರು ಅಂದ್ರಿ?”

ಆ ಮನುಷ್ಯನ ಹಣೆಯ ಮೇಲೆ ಬೆವರಿತ್ತು.

“ಪ್ಯಾರಿಸ್.”

“ಲಿಯಾನ್ ಅಂದ್ರಲ್ಲ ಆಗ್ಲೇ?”

“ಎರಡೂ ಒಂದೇ.”

“ಹಂಗಾ! ಮತ್ತೆ ಈ ಬೋಗುಣಿ?”

“ಅದು... ಹುಬ್ಬಳ್ಳಿ ಸಂತೇಲಿ ತಗಂಡಿದ್ದು.”

ಮರುಳಸಿದ್ದಪ್ಪನ ಮೀಸೆಯಡಿ ನಗು ಮೂಡಿತು. ಸುಳ್ಳಿನ ಕಂತೆ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ಉಳಿದ ಅನುಮಾನವೂ ಊಟದ ಹೊತ್ತಿಗೆ ಹೋಯಿತು. ಆ ಮನುಷ್ಯ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಜಗಿಯದೆ ನುಂಗಿದ. ಕೊನೆಗೆ ಖಾಲಿ ಗಂಗಾಳಕ್ಕೆ ನೀರು ಹಾಕಿ, ಬೆರಳಲ್ಲಿ ಸುತ್ತಲೂ ಬಳಿದು, ಆ ನೀರನ್ನು ಎತ್ತಿ ಕುಡಿದ. ಒಂದಗಳೂ ಪ್ರಸಾದ ಹಾಳಾಗಬಾರದೆಂದು ಮರುಳಸಿದ್ದಪ್ಪನೂ ಹುಟ್ಟಿದಾಗಿನಿಂದ ಮಾಡುತ್ತ ಬಂದದ್ದು ಅದನ್ನೇ.

“ಸಿಕ್ಕಿಬಿದ್ದೆಯಲ್ಲೋ ಲೇ! ಯಾವ ಮಠದ ಒಕ್ಕಲೋ ನೀನು? ಇದನ್ನ ಯಾವ ಫ್ರೆಂಚರು ಕಲಿಸಿದ್ರು?”

“ಮನೇಲಿ ಕಲ್ತೆ,” ಎಂದ ಅವನು ತಲೆ ಎತ್ತದೆ.

ಗುಮಾಸ್ತನ ಮಾತು ಕೇಳಿ, ಕ್ಯಾಂಪಿನ ಡಾಕ್ಟರು ಯುರೋಪಿನವರ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿದರು. ಅವನು ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಕೇಳಿದ್ದು ಒಂದೇ ಮಾತು.

“ಹೆಂಗೂ ಒಳಗೇ ಇರೋದು. ಜ್ವರದ ಶೆಡ್ಡಿಗೆ ಗಂಜಿ ನಾನೇ ಕಾಯಿಸ್ತೀನಿ.”

ಆ ಶೆಡ್ಡಿನ ಹೊಸ್ತಿಲು ತುಳಿಯಲು ತೋಟಿಗಳೂ ಹಿಂಜರಿಯುತ್ತಿದ್ದರು. ಇವನು ಮನಸ್ಸು ಬದಲಿಸುವ ಮೊದಲೇ ಮರುಳಸಿದ್ದಪ್ಪ ಹೂಂಗುಟ್ಟಿದ. ನಾಲ್ಕಕ್ಕೆ ರೈಲು ಕೂಗಿ ಹೊರಟಿತು. ಬೇಲಿಯ ಒಳಗಿನವರೆಲ್ಲ ಅದರ ಹೊಗೆ ಕಣ್ಮರೆಯಾಗುವವರೆಗೆ ನೋಡುತ್ತ ನಿಂತರು. ಅವನೊಬ್ಬ ಮಾತ್ರ ತಿರುಗಿಯೂ ನೋಡದೆ ಒಲೆ ಊದುತ್ತಿದ್ದ.

ಮೂರನೆಯ ದಿನ ಮಧ್ಯಾಹ್ನ ಬಾವಿಕಟ್ಟೆಯಲ್ಲಿ ಕಾಳಕ್ಕ ಹುಣಸೆಹಣ್ಣು ಹಾಕಿ ಬೋಗುಣಿ ತಿಕ್ಕುತ್ತಿದ್ದಳು.

“ಇಲ್ನೋಡ್ರಿ ಗುಮಾಸ್ತ್ರೇ, ತಳದಾಗೆ ಏನೋ ಕೊರದವ್ರೆ.”

ಮರುಳಸಿದ್ದಪ್ಪ ಬಗ್ಗಿ ನೋಡಿದ. ಇಂಗ್ಲಿಷಿನ ಅಕ್ಷರಗಳಂಥವೇ. ಒಂದೊಂದೇ ಕೂಡಿಸಿ ಓದಿದ. ಮೊರೆಲ್, ಲಿಯಾನ್. ಅದರ ಕೆಳಗೆ ಮೊರೆಲ್, ಪುದುಚೇರಿ. ಮತ್ತೆ ಮೊರೆಲ್, ಪುದುಚೇರಿ. ಪ್ರತಿಯೊಂದರ ಪಕ್ಕದಲ್ಲೂ ಒಂದು ಹೆಣ್ಣಿನ ಹೆಸರು.

ಆ ಮನುಷ್ಯ ಮೊದಲು ಹೇಳಿದ್ದೆಲ್ಲ ನಿಜ! ಬದುಕಿ ಹೋಗಬೇಕಾದವನನ್ನು ತಾನೇ ಕೈಯಾರೆ ಗುಂಡಿಯ ಬಾಯಿಗೆ ನೂಕಿದ್ದ. ಇವತ್ತಿನ ರೈಲಿಗೆ ಇನ್ನೂ ಹೊತ್ತಿತ್ತು. ಬೋಗುಣಿ ಎತ್ತಿಕೊಂಡು ಡಾಕ್ಟರ ಡೇರೆಯ ಕಡೆ ಓಡಿದ. ಓಡುತ್ತಲೇ ಕೊನೆಯ ಸಾಲಿನ ಮಸಿಯನ್ನು ಪಂಚೆಯ ಅಂಚಿನಿಂದ ಒರೆಸಿದ. ಒರೆಸಿದವನು ಅಲ್ಲೇ ನಿಂತ.

ಡೇರೆಗೆ ಹೋಗದೆ ಬಾವಿಕಟ್ಟೆಗೇ ವಾಪಸ್ಸು ಬಂದ.

“ಒಲೆ ಮೇಲಿಡು ಕಾಳಕ್ಕ. ಮತ್ತೆ ಮಸಿ ಹಿಡೀಲಿ.”

“ಈಗ ತಾನೇ ಬೆಳಗಿದ್ನಲ್ರೀ! ತಲೆಗಿಲೆ ಕೆಟ್ಟೈತಾ ನಿಮಗೆ?”

ನಾಲ್ಕನೆಯ ಸಾಲಿನಲ್ಲಿ, ಲೂಸಿಯನ್ ಮೊರೆಲನ ಪಕ್ಕದ ಹೆಸರು ದುಂಡನೆಯ ಕನ್ನಡ ಅಕ್ಷರಗಳಲ್ಲಿತ್ತು: ಸರ್ವಮಂಗಳ, ಹೊಸದುರ್ಗ.