ಮುಟ್ಟದ ಜಗಲಿ

ಸೊಸೆ ಅತ್ತೆಯ ತೋಳಿಗೆ ಬಿಪಿ ಪಟ್ಟಿ ಸುತ್ತಿ ಗುಂಡಿ ಒತ್ತಿದಳು. ನಿನ್ನೆಯೂ ಮಾತ್ರೆ ಕೊಟ್ಟಿರಲಿಲ್ಲ. ಆದರೂ ಅಂಕಿ ಇನ್ನಷ್ಟು ಇಳಿದಿತ್ತು. ಕೈಯಲ್ಲಿದ್ದ ಮಾತ್ರೆಯನ್ನು ತಿರುಗಿ ಡಬ್ಬಿಗೆ ಹಾಕಿದಳು.

"ಇವತ್ತೂ ಇಲ್ಲೇನ? ಎದಿ ತಾಳ ತಪ್ಪಿ ಹೊಡಕೊಳ್ಳಾಕತ್ತೈತಿ."

"ಈ ಮಾತ್ರಿ ಬಿಪಿನೂ ಇಳಸ್ತೈತ್ರೀ ಅತ್ತಿ. ಇಷ್ಟು ಕಡಿಮಿ ಇದ್ದರ ಕೊಡಬ್ಯಾಡ, ದವಾಖಾನಿಗೆ ಕರಕೊಂಡು ಬಾ ಅಂದಾರ ಡಾಕ್ಟರು. ಆಟೋಕ್ಕ ಹೇಳೀನಿ."

"ಮಗ ಇದ್ದಿದ್ದರ ಕೊಡತಿದ್ದ. ನಾ ಹೋದರ ಮನಿ ನಿಂದಽ ಆಗತೈತಿ. ನನಗ ತಿಳಿಯೂದಿಲ್ಲ ಅನಕೊಂಡಿ ಏನ?"

ಸೊಸೆ ಎದ್ದು ಹೋದಳು. ಮುಟ್ಟಿನ ದಿನಗಳು ಮುಗಿದು ಇವತ್ತೇ ತಲೆಗೆ ಎರೆದುಕೊಂಡಿದ್ದಳು. ಆಟೋ ಬರುವಷ್ಟರಲ್ಲಿ ದೀಪ ಹಚ್ಚೋಣವೆಂದು ಇಷ್ಟು ದಿನ ಮುಟ್ಟದಿದ್ದ ದೇವರ ಜಗಲಿಯ ಮೇಲಿನ ಅರಿಸಿನ-ಭಂಡಾರದ ಬಟ್ಟಲನ್ನು ಸರಿಸಿದಳು.

ಡಬ್ಬಿಯಿಂದ ಮೊನ್ನೆ ಕಾಣೆಯಾಗಿದ್ದ ಅದೇ ಮಾತ್ರೆಯ ಸ್ಟ್ರಿಪ್ ಅದರ ಅಡಿಯಲ್ಲಿತ್ತು. ಒಂದು ಮಾತ್ರೆಯೂ ಉಳಿದಿರಲಿಲ್ಲ. ಪಕ್ಕದಲ್ಲಿದ್ದ ತೀರ್ಥದ ಬಟ್ಟಲು ಇನ್ನೂ ಒದ್ದೆಯಾಗಿತ್ತು.

ಅವಳು ಓಡಿಬಂದಳು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಅತ್ತಿ, ಇನ್ನೊಮ್ಮೆ ಕೈ ಕೊಡ್ರಿ... ಅತ್ತಿ, ಕೈ ಕೊಡ್ರಿ."