ಒರೆಗಾನೊ ಹೇಗಿದೆ?

"ಇದು ಹೇಗಿದೆ ನೋಡು," ಎನ್ನುತ್ತ ಎರ್ಸಿಲಿಯಾ ಅಂಗೈಯಲ್ಲಿ ತಿಕ್ಕಿದ ಒಣ ಎಲೆಯ ಪುಡಿಯನ್ನು ಸೋದರ ಸೊಸೆ ಲೊರೆಟ್ಟಾಳ ಮೂಗಿನ ಬಳಿ ಹಿಡಿದಳು.

ಲೊರೆಟ್ಟಾಗೆ ಅಚ್ಚರಿಯಾಯಿತು. ಶಾಲೆ ಬಿಟ್ಟ ವರ್ಷದಿಂದ ಅವಳು ಈ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ. ಮಸಾಲೆ ಡಬ್ಬಿ ಮುಟ್ಟಿದ್ದಿಲ್ಲ. ಅದು ಅತ್ತೆಯ ಕೆಲಸ. ಷಿಕಾಗೊದ ಇಟಾಲಿಯನ್ನರಿರುವ ಟೇಲರ್ ಬೀದಿಯಲ್ಲಿ ಯಾರ ಮನೆಯ ಮದುವೆಯಾಗಲಿ, ಮಗುವಿನ ದೀಕ್ಷಾಸ್ನಾನವಾಗಲಿ, ಬೀಫ್ ಮಾತ್ರ ಎರ್ಸಿಲಿಯಾಳ ಪಾತ್ರೆಯಿಂದಲೇ ಹೋಗಬೇಕು. ಅವಳು ಚಮಚ ಹಿಡಿದು ಅಳೆದವಳಲ್ಲ. ಮುಚ್ಚಳ ತೆಗೆದು ಒಮ್ಮೆ ಮೂಸುವುದು, ಎಷ್ಟು ಬೇಕೋ ಅಷ್ಟು ಹಾಕುವುದು. ಯಾರನ್ನೂ ಕೇಳಿದ್ದೇ ಇಲ್ಲ.

"ಚೆನ್ನಾಗಿದೆ ಜಿಯಾ." ಅತ್ತೆಯನ್ನು ಅವಳು ಇಟಾಲಿಯನ್ನರಂತೆ ಜಿಯಾ ಎಂದೇ ಕರೆಯುತ್ತಿದ್ದಳು.

"ಚೆನ್ನಾಗಿದೆ ಅಂದ್ರೆ? ಮಾತಾಡೋಕೆ ನಿಂಗೇನು ಕಾಸು ಖರ್ಚಾಗತ್ತಾ? ಒರೆಗಾನೊ ಹೊಸದೋ ಹಳೇದೋ, ಅದನ್ನ ಹೇಳು."

ಅದು ಒರೆಗಾನೊ ಆಗಿರಲಿಲ್ಲ, ಮರುಗ. ಒಣಗಿದ ಮೇಲೆ ಎರಡಕ್ಕೂ ಒಂದೇ ಬಣ್ಣ. ಮೂಗಿಗೆ ಮಾತ್ರ ಗೊತ್ತಾಗುತ್ತದೆ, ಮರುಗದ್ದು ಹೂವಿನಂಥ ಸಿಹಿ ಎಂದು. ಬೀಫ್‌ಗೆ ಮರುಗ ಹಾಕಿದಳೆಂದು ಹಿಂದಿನ ಬೀದಿಯ ಹೆಂಗಸೊಬ್ಬಳನ್ನು ಇದೇ ಅತ್ತೆ ಒಂದು ವರ್ಷ ಆಡಿಕೊಂಡಿದ್ದಳು. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೋ ಏನೋ ಎಂದುಕೊಂಡು ಲೊರೆಟ್ಟಾ ಅತ್ತೆಯ ಮುಖವನ್ನೇ ಗಮನಿಸತೊಡಗಿದಳು. ಯಾವಾಗಲೂ ಮೆಣಸಿನ ಡಬ್ಬಿ ತೆರೆದಾಗ ಆ ಮುಖ ಕಿವುಚಿಕೊಳ್ಳುತ್ತಿತ್ತು, ಲವಂಗಕ್ಕೆ ಹುಬ್ಬು ಮೇಲೇರುತ್ತಿತ್ತು, ಸೋಂಪಿಗೆ ತುಟಿಯಂಚು ಸಡಿಲವಾಗುತ್ತಿತ್ತು. ಇವತ್ತು ಅತ್ತೆ ಮೂರನ್ನೂ ಮೂಸಿದಳು. ಮೂರಕ್ಕೂ ಒಂದೇ ಮುಖ.

ಅವಳ ಬೆನ್ನ ಹಿಂದೆ ಒಲೆಯ ಮೇಲೆ ಎಣ್ಣೆಯಲ್ಲಿದ್ದ ಬೆಳ್ಳುಳ್ಳಿ ಸೀಯತೊಡಗಿತು. ಅತ್ತೆ ತಿರುಗಲಿಲ್ಲ.

"ಏನೋ ಸೀದು ಹೋಗ್ತಿದೆ ಕಣೇ," ಮುಂದಿನ ಕೋಣೆಯಿಂದ ಅವಳ ಗಂಡ ಕಾರ್ಮೈನ್ ಕೂಗಿದ.

"ನಿನ್ನ ಸಿಗಾರೇ ಇರ್ಬೇಕು," ಎಂದು ಅತ್ತೆ ಕೂತಲ್ಲಿಂದಲೇ ಉತ್ತರ ಕೊಟ್ಟಳು. ಅಷ್ಟರಲ್ಲಿ ಲೊರೆಟ್ಟಾ ಎದ್ದು ಒಲೆ ಆರಿಸಿದ್ದಳು. ಎರ್ಸಿಲಿಯಾ ಹಿಂದೆ ತಿರುಗಿ ಹುಡುಗಿಯ ಕೈ ನೋಡಿದಳು, ಕರಕಲಾದ ಬೆಳ್ಳುಳ್ಳಿ ನೋಡಿದಳು. ಆಮೇಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಬಂದು ಕುರ್ಚಿಯಲ್ಲಿ ಕುಳಿತಳು.

"ಯಾವಾಗಿಂದ ಜಿಯಾ?"

"ಜನವರೀಲಿ ಜ್ವರ ಬಂತಲ್ಲ, ಆವಾಗಿಂದ. ವಾಸನೆ ತಾನಾಗೇ ತಿರುಗಿ ಬರತ್ತೆ ಅಂದ್ರು ಡಾಕ್ಟ್ರು. ನಾಲಿಗೆಗೆ ಉಪ್ಪು ಗೊತ್ತಾಗತ್ತೆ, ಖಾರ ಗೊತ್ತಾಗತ್ತೆ. ಉಳಿದದ್ದೆಲ್ಲ ನೀರು."

ಈಸ್ಟರ್ ಹಬ್ಬದ ದಿನ ಎಲ್ಲರೂ ಬೀಫನ್ನು ಬಾಯ್ತುಂಬ ಹೊಗಳಿದ್ದು, ಒಬ್ಬರೂ ಎರಡನೇ ಸಲ ಬಡಿಸಿಕೊಳ್ಳದೇ ಇದ್ದದ್ದು ಲೊರೆಟ್ಟಾಗೆ ಈಗ ಅರ್ಥವಾಯಿತು.

"ನಾಳೆ ಐವತ್ತು ಜನ," ಎಂದಳು ಎರ್ಸಿಲಿಯಾ. "ನಮ್ಮ ಬೀಗಿತ್ತಿ ಆಗ್ಲೇ ಅಂಗಡಿಯಿಂದ ತರಿಸ್ತೀನಿ ಅಂತ ತುದಿಗಾಲಲ್ಲಿ ನಿಂತಿದ್ದಾಳೆ. ನನ್ನ ಮೊಮ್ಮಗಳ ದೀಕ್ಷಾಸ್ನಾನಕ್ಕೆ ಅಂಗಡಿ ಬೀಫ್ ಬಂತು ಅಂದ್ರೆ, ಆಮೇಲೆ ಈ ಪಾತ್ರೇಲಿ ನಾನು ಬಟ್ಟೆ ನೆನೆಹಾಕ್ಕೋಬೇಕು, ಅಷ್ಟೆ."

ಲೊರೆಟ್ಟಾ ಡಬ್ಬಿಗಳತ್ತ ಕೈ ಚಾಚಿದಳು. ಮರುಗದ ಡಬ್ಬಿಯನ್ನು ಎತ್ತಿ ಅಟ್ಟದ ಮೇಲಿಟ್ಟಳು. ಒರೆಗಾನೊ ಹುಡುಕಿ ಅಂಗೈಯಲ್ಲಿ ತಿಕ್ಕಿ ಮೂಸಿದಳು. ಹೋದ ವರ್ಷದ್ದು, ಆದರೂ ಜೀವ ಇತ್ತು. ಒಂದು ಹಿಡಿ ಜಾಸ್ತಿ ಹಾಕಿದಳು. ಕುಟ್ಟಿದ ಮೆಣಸು, ಒಣಮೆಣಸಿನ ಚೂರು, ಸ್ವಲ್ಪವೇ ಸೋಂಪು, ಎರಡು ಲವಂಗ, ಹೊಸದಾಗಿ ಸುಲಿದ ಬೆಳ್ಳುಳ್ಳಿ, ತುರಿದ ಜಾಯಿಕಾಯಿ. ಮಾಂಸದ ದೊಡ್ಡ ತುಂಡು ನೀರಿನೊಂದಿಗೆ ಒಲೆಗೆ ಹೋಯಿತು. ಬೆಂದು ತಣ್ಣಗಾದ ಮೇಲೆ ಅದನ್ನು ಕಾಗದದಷ್ಟು ತೆಳ್ಳಗೆ ಸೀಳಿ ಮತ್ತೆ ಅದೇ ರಸಕ್ಕೆ ಹಾಕುವುದು. ರಸ ಕೆಟ್ಟರೆ ಎಲ್ಲವೂ ಕೆಟ್ಟಂತೆ.

ಎರಡು ಗಂಟೆ ಕಳೆದ ಮೇಲೆ ಅತ್ತೆ ಕೇಳಿದಳು, "ಈಗ ಹೇಳು, ಹೇಗಿದೆ?"

"ಚೆ..."

"ಚೆನ್ನಾಗಿದೆ ಅಂದ್ರೆ ಕಿವಿ ಹಿಂಡ್ತೀನಿ. ಕೆಳಗೆ ಹೋಗು. ಬೀದಿ ಬಾಗಿಲಿಂದ ಒಳಗೆ ಬಾ. ಮೆಟ್ಟಿಲು ಹತ್ತುತ್ತಾ ಏನೇನು ವಾಸನೆ ಬರತ್ತೋ ಒಂದೊಂದನ್ನೂ ನಂಗೆ ಹೇಳ್ಬೇಕು."

ಲೊರೆಟ್ಟಾ ಇಳಿದು ಹೋಗಿ ನಿಧಾನ ಹತ್ತಿ ಬಂದಳು. ತರಗತಿಯಲ್ಲಿ ಎದ್ದು ನಿಂತು ಎರಡು ಸಾಲು ಓದಲಾರದೆ ಬೆವರುತ್ತಿದ್ದ ಹುಡುಗಿ ಗೋಡೆ ನೋಡುತ್ತ ಶುರು ಮಾಡಿದಳು. ಎರ್ಸಿಲಿಯಾ ಕೈಗಳನ್ನು ಮಡಿಲಲ್ಲಿಟ್ಟು ಕಣ್ಣು ಮುಚ್ಚಿದಳು.

"ಬಾಗಿಲು ತೆಗೆದ ಕೂಡ್ಲೇ ಬೆಳ್ಳುಳ್ಳಿ. ಹಸೀದಲ್ಲ, ಬೆಂದದ್ದು. ಮೂರನೇ ಮೆಟ್ಟಿಲಿಗೆ ಒರೆಗಾನೊ... ಬಿಸಿಲು ಬಿದ್ದ ಹುಲ್ಲಿನ ಥರ. ತಿರುವಿನಲ್ಲಿ ಮೆಣಸು ಗಂಟಲು ಹಿಡಿಯತ್ತೆ. ಆಮೇಲೆ ಮಾಂಸ. ಸೋಂಪು ಇದೆಯೋ ಇಲ್ಲವೋ ಅನ್ನೋ ಹಾಗೆ ಬಂದು ಹೋಗತ್ತೆ."

"ಮನೆಯೊಳಗೆ ಬಂದ ಮೇಲೆ?"

"ಒಳಗೆ... ಅಷ್ಟೇ ಜಿಯಾ. ಮುಗಿದು ಹೋಗತ್ತೆ."

ಎರ್ಸಿಲಿಯಾ ಕಣ್ಣು ತೆರೆಯಲಿಲ್ಲ. ಮೆಲ್ಲನೆ ಅವಳ ಹುಬ್ಬುಗಳು ಹತ್ತಿರ ಸೇರಿದವು.

"ಮುಗೀಬಾರದು," ಎಂದಳು. "ಜಾಯಿಕಾಯಿ ಸಾಲದು. ಇನ್ನು ನಾಲ್ಕು ಸಲ ಉಜ್ಜು. ನಾಲ್ಕೇ."