ಹೋಗಿ ಬಾ ಅನ್ನದವನು

ಹೊಳೆಗಳು ಮಾತು ಕೇಳತೊಡಗಿದ ಮೇಲೆ ನಮ್ಮ ಕಣಿವೆಯಲ್ಲಿ ದಿನಕ್ಕೊಂದು ಮನೆಯವರು ದಡಕ್ಕೆ ಹೋಗಿ ನೀರನ್ನು ಬೀಳ್ಕೊಡುತ್ತೇವೆ. ಇವತ್ತು ರೆಸಾರ್ಟಿನ ಪ್ರಭಾಕರನ ಸರದಿ. ಮಹಾನುಭಾವ ಶೂ ಒದ್ದೆಯಾಗದಂತೆ ಬಂಡೆಯ ಮೇಲೆ ನಿಂತು, ಮೊದಲು ಮೊಬೈಲಿಗೆ ಹಲ್ಲು ಕಿರಿದ.

"'ಹೋಗಿ ಬಾ' ಅನ್ನಪ್ಪ," ಎಂದಳು ಕೇತಮ್ಮಜ್ಜಿ. "ಆಚೆ ಕಣಿವೇಲಿ ಬರೀ 'ಹೋಗು' ಅಂದೋರು ಈಗ ಟ್ಯಾಂಕರ್ ನೀರು ಕುಡೀತಾವ್ರೆ."

"ನೀರಿಗೂ ವ್ಯಾಕರಣ ಬರುತ್ತೇನಜ್ಜಿ?" ಎಂದು ನಕ್ಕ ಅವನು ಹೊಳೆಯತ್ತ ಕೈಬೀಸಿದ. "ಹೋಗಮ್ಮ, ಹೋಗು!"

ಹೊಳೆ ಹೊರಟೇಹೋಯಿತು. ಬರಿದಾದ ಕಲ್ಲುಗಳ ನಡುವೆ ಮೀನುಗಳು ಒದ್ದಾಡಿದವು. ನಾವು ಅವನ್ನು ಬಿಂದಿಗೆಗಳಿಗೆ ತುಂಬಿಕೊಳ್ಳತೊಡಗಿದೆವು.

"ಓಡು! ಕಳಿಸ್ದೋನೇ ಕರೀಬೇಕು," ಎಂದಳು ಅಜ್ಜಿ.

"ನಮ್ ಡ್ರೈವರ್ನ ಕಳಿಸ್ಲಾ?"

"ಅವನೇನು ನಿನ್ ನಾಲಿಗೆ ಇಟ್ಕೊಂಡವ್ನಾ?"

ಪ್ರಭಾಕರ ಕೆಸರಿನಲ್ಲಿ ಏಳುತ್ತಾ ಬೀಳುತ್ತಾ ಕೆಳಗಡೆಗೆ ಓಡಿದ. ತಿರುವಿನಾಚೆಯಿಂದ ಮೊದಲು "ಬಾ" ಕೇಳಿಸಿತು, ಆಮೇಲೆ "ಬಾರಮ್ಮ", ಕೊನೆಗೆ ಅಳುತ್ತಾ "ಬನ್ನಿ ಮೇಡಂ, ತಪ್ಪಾಯ್ತು!"

ಅಷ್ಟರಲ್ಲಿ ಆ ಕರೆಗೆ ಓಗೊಟ್ಟು ಮೇಲಿನಿಂದ ಬಂದ ಹೊಸ ನೀರು ನಮ್ಮ ಪಾದ ಮುಟ್ಟಿತ್ತು. ಅವನಿಗೆ ಕೂಗಿ ಹೇಳಲು ನಾನು ಬಾಯಿ ತೆರೆದೆ.

ಕೇತಮ್ಮಜ್ಜಿ ಬಿಂದಿಗೆಯ ಮೀನುಗಳನ್ನು ಮೆಲ್ಲಗೆ ನೀರಿಗೆ ಬಿಡುತ್ತಾ ಅಂದಳು: "ಸುಮ್ಕಿರೇ. ಇನ್ನೊಂಚೂರು ಅಳ್ಲಿ."